ಗಣಿಗಾರರ ಗಾಯಕ ಪಾಲ್ ರೋಬ್ಸನ್

ಮಾರಿಕುಪ್ಪದಿಂದ ಬೆಳಗಿನ ಜಾವ ಹೊರಡುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಯನ್ನು ಸೇರುವ ವೇಳೆಗೆ ನಿಂತ ಜಾಗದಲ್ಲಿ ಹೊರಳಲೂ ಎಡೆಯಿಲ್ಲದಷ್ಟು ತುಂಬಿರುತ್ತದೆ. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ ನಮ್ಮ ಊರಿನ ದುಡಿಮೆ ಬೆಂಗಳೂರಿನ ದಾರಿ ಹಿಡಿದಿದೆ. ಆ ಗಾಡಿಯಲ್ಲಿ ನಿಂತು ಪಯಣಿಸುವ ತರುಣರ ಕಿವಿಯಲ್ಲಿ ಯಾವಾಗಲೂ ಒಂದು ಹಾಡು ಇದ್ದೇ ಇರುತ್ತದೆ. ಕೆಲವರದು ತಮಿಳು ರ‍್ಯಾಪ್, ಕೆಲವರದು ಕನ್ನಡ ರ‍್ಯಾಪ್, ಮತ್ತೆ ಕೆಲವರದು ಜಮೈಕಾದ ಬಾಬ್ ಮಾರ್ಲಿಯ ರೆಗೆ. ಇದೆಂತಹ ಗದ್ದಲ, ಇದಕ್ಕೆ ಹಿಂದುಮುಂದು ಏನಾದರೂ ಉಂಟೇ ಎಂದು ಹಿರಿಯರು ಕೇಳುವುದುಂಟು. ಹಿಂದೂ ಉಂಟು, ಮುಂದೂ ಉಂಟು. ಈ ಹಾಡುಗಳ ಹಿರಿಯರಲ್ಲಿ ಒಬ್ಬನ ಬಾಳನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ನನ್ನ ಉದ್ದೇಶ. ಆತನು ನಮ್ಮ ಊರಿಗೆ ಬಂದವನಲ್ಲ. ಆದರೆ ಗಣಿಯಲ್ಲಿ ದುಡಿಯುವವರನ್ನು ತನ್ನ ಬಂಧುಗಳೆಂದು ತಿಳಿದವನು. ಆದುದರಿಂದ ಗಣಿಗಾರರ ಮೊಮ್ಮಕ್ಕಳಾದ ನಮಗೆ ಆತನ ಪರಿಚಯವಿರುವುದು ಉಚಿತ.

ಪಾಲ್ ರೋಬ್ಸನ್ ಅವರು ಹುಟ್ಟಿದ್ದು ೧೮೯೮ನೆಯ ಇಸವಿ ಏಪ್ರಿಲ್ ೯ರಂದು, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಪ್ರಿನ್ಸ್‌ಟನ್ನಿನಲ್ಲಿ. ತಂದೆ ವಿಲಿಯಂ ಡ್ರೂ ರೋಬ್ಸನ್ ಹುಟ್ಟಿನಿಂದ ಗುಲಾಮರು. ಹದಿನೈದರ ಪ್ರಾಯದಲ್ಲಿ ಉತ್ತರ ಕೆರೊಲಿನದ ತೋಟದಿಂದ ತಪ್ಪಿಸಿಕೊಂಡು ಉತ್ತರಕ್ಕೆ ಬಂದು, ಓದಿ, ಚರ್ಚಿನ ಪಾದ್ರಿಯಾದವರು. ಆದರೆ ಪಾಲ್ ಇನ್ನೂ ಕೂಸಾಗಿದ್ದಾಗ ಆ ಪದವಿಯೂ ಕೈತಪ್ಪಿತು. ಪಾದ್ರಿಯಾಗಿದ್ದ ತಂದೆ ಮನೆಮನೆಯ ಒಲೆಯ ಬೂದಿಯನ್ನು ಗಾಡಿಯಲ್ಲಿ ಸಾಗಿಸಿ ಸಂಸಾರವನ್ನು ಸಾಕಬೇಕಾಯಿತು. ೧೯೦೪ರಲ್ಲಿ ಒಲೆಯ ಕಿಡಿ ಬಟ್ಟೆಗೆ ತಗುಲಿ ತಾಯಿ ತೀರಿಕೊಂಡರು. ಹೀಗೆ ಬಡತನವೂ ದುಃಖವೂ ಆ ಬಾಲಕನಿಗೆ ಚಿಕ್ಕಂದಿನಲ್ಲಿಯೇ ಪರಿಚಿತವಾದವು. ಜೊತೆಗೆ ಇನ್ನೊಂದು ಸಂಪತ್ತೂ ದೊರೆಯಿತು. ಗುಲಾಮಗಿರಿಯ ಕಾಲದಲ್ಲಿ ಹತ್ತಿಯ ಹೊಲಗಳಲ್ಲಿ ಹುಟ್ಟಿದ, ಸ್ಪಿರಿಚುಯಲ್ ಎಂಬ ಹೆಸರಿನ ಭಕ್ತಿಗೀತೆಗಳನ್ನು ತಂದೆಯ ಚರ್ಚಿನಲ್ಲಿ ಕಪ್ಪು ಜನ ಒಟ್ಟಾಗಿ ಹಾಡುತ್ತಿದ್ದರು. ದೇವರನ್ನು ಕರೆಯುವ ನೆಪದಲ್ಲಿ ಬಿಡುಗಡೆಯನ್ನು ಕರೆಯುವ ಹಾಡುಗಳವು.

೧೯೧೫ರಲ್ಲಿ ಸಂಸ್ಥಾನದ ಸ್ಪರ್ಧಾ ಪರೀಕ್ಷೆಯಲ್ಲಿ ವಿದ್ಯಾರ್ಥಿವೇತನವನ್ನು ಗೆದ್ದು ಪಾಲ್ ರಟ್ಗರ್ಸ್ ಕಾಲೇಜನ್ನು ಸೇರಿದರು. ಆ ಕಾಲೇಜನ್ನು ಸೇರಿದ ಕಪ್ಪು ವಿದ್ಯಾರ್ಥಿಗಳಲ್ಲಿ ಅವರು ಮೂರನೆಯವರು. ಫುಟ್‌ಬಾಲ್ ತಂಡಕ್ಕೆ ಸೇರಲು ಅಂಗಳಕ್ಕಿಳಿದ ಮೊದಲ ದಿನಗಳಲ್ಲಿಯೇ ತಂಡದ ಬಿಳಿಯ ಹುಡುಗರು ಅವರನ್ನು ಕೆಡವಿ ಗಾಯಗೊಳಿಸಿದರು. ನೆಲದ ಮೇಲಿದ್ದ ಕೈಯನ್ನು ಬೂಟಿನಿಂದ ತುಳಿದರು. ಅವರು ಆಟವನ್ನು ಬಿಡಲಿಲ್ಲ. ೧೯೧೭ ಮತ್ತು ೧೯೧೮ರಲ್ಲಿ ಇಡೀ ರಾಷ್ಟ್ರದ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ ಅವರ ಹೆಸರು ಬಂತು. ೧೯೧೯ರಲ್ಲಿ ತಮ್ಮ ತರಗತಿಗೆಲ್ಲ ಶ್ರೇಷ್ಠರೆನಿಸಿ ಬೀಳ್ಕೊಡುಗೆಯ ಭಾಷಣವನ್ನು ಮಾಡಿದರು. ಅನಂತರ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಕಾನೂನನ್ನು ಓದಿ ೧೯೨೩ರಲ್ಲಿ ಪದವೀಧರರಾದರು. ಅಷ್ಟರಲ್ಲಿ ಎಸ್ಲಾಂಡ ಗೂಡ್ ಎಂಬ ವಿದ್ಯಾವಂತೆಯೊಡನೆ ಅವರ ವಿವಾಹವೂ ಆಗಿತ್ತು.

ವಕೀಲರ ಕಚೇರಿಯೊಂದರಲ್ಲಿ ಕೆಲಸಕ್ಕೇನೋ ಸೇರಿದರು. ಆದರೆ ಅಲ್ಲಿನ ಬಿಳಿಯ ಗುಮಾಸ್ತೆ ಕಪ್ಪು ಮನುಷ್ಯನು ಹೇಳಿದ್ದನ್ನು ಬರೆದುಕೊಳ್ಳಲು ಒಪ್ಪಲಿಲ್ಲ. ರೋಬ್ಸನ್ ಅವರು ಅಂದಿಗೆ ಆ ವೃತ್ತಿಯನ್ನು ಬಿಟ್ಟರು. ನ್ಯಾಯಾಲಯವು ಕಳೆದುಕೊಂಡದ್ದನ್ನು ರಂಗಭೂಮಿ ಪಡೆಯಿತು. ಯೂಜೀನ್ ಓನೀಲ್ ಅವರ ನಾಟಕಗಳಲ್ಲಿ ಪಾತ್ರ ವಹಿಸಿ ಅವರು ಪ್ರಸಿದ್ಧರಾದರು. ೧೯೨೫ರ ಏಪ್ರಿಲಿನಲ್ಲಿ, ಪಿಯಾನೊ ವಾದಕ ಲಾರೆನ್ಸ್ ಬ್ರೌನ್ ಅವರ ಜೊತೆಯಲ್ಲಿ, ನ್ಯೂಯಾರ್ಕಿನ ರಂಗಮಂದಿರದಲ್ಲಿ ಕೇವಲ ಕಪ್ಪು ಜನರ ಹಾಡುಗಳನ್ನೇ ಹಾಡಿದರು. ಹೊಲದಲ್ಲಿಯೂ ಚರ್ಚಿನಲ್ಲಿಯೂ ಇದ್ದ ಗುಲಾಮರ ಹಾಡಿಗೆ ಒಂದು ಸಂಜೆಯ ವೇದಿಕೆಯನ್ನು ಪೂರ್ತಿಯಾಗಿ ಒಬ್ಬ ಗಾಯಕನು ಮೀಸಲಿಟ್ಟದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಅವರ ಕಂಠ ಬಲು ಆಳವಾದುದು, ಬಾವಿಯ ತಳದಿಂದ ಎದ್ದು ಬಂದಂತಹುದು. ಅದು ಕೇಳುವವರನ್ನು ಬೆರಗುಗೊಳಿಸುವುದಕ್ಕಿಂತ ಹತ್ತಿರಕ್ಕೆ ಕರೆದುಕೊಳ್ಳುತ್ತಿತ್ತು.

೧೯೨೮ರಲ್ಲಿ ಲಂಡನ್ನಿನಲ್ಲಿ ಷೋ ಬೋಟ್ ಎಂಬ ಸಂಗೀತ ನಾಟಕದಲ್ಲಿ ಹಾಡಿ ಅವರು ಇಂಗ್ಲೆಂಡಿನ ಮನೆಮಾತಾದರು. ೧೯೩೦ರಲ್ಲಿ ಅದೇ ನಗರದಲ್ಲಿ ಷೇಕ್ಸ್‌ಪಿಯರನ ಒಥೆಲೊ ಆದರು. ಆದರೆ ಅವರ ಬಾಳಿನ ದಿಕ್ಕನ್ನು ಬದಲಾಯಿಸಿದ್ದು ಈ ಯಶಸ್ಸಲ್ಲ. ೧೯೨೯ರಲ್ಲಿ ಲಂಡನ್ನಿನ ಬೀದಿಯಲ್ಲಿ ನಡೆದ ಒಂದು ಸಣ್ಣ ಭೇಟಿ. ವೇಲ್ಸ್ ಪ್ರಾಂತದ ಕಲ್ಲಿದ್ದಲ ಗಣಿಗಳಲ್ಲಿ ಕೆಲಸ ಕಳೆದುಕೊಂಡ ಕೆಲವರು ಅಷ್ಟು ದೂರ ನಡೆದು ಬಂದು, ಬೀದಿಯಲ್ಲಿ ಹಾಡುತ್ತ ಸಹಾಯ ಬೇಡುತ್ತಿದ್ದರು. ನಾಟಕ ಮುಗಿಸಿ ಬರುತ್ತಿದ್ದ ರೋಬ್ಸನ್ ಅವರು ಆ ಹಾಡನ್ನು ಕೇಳಿ ನಿಂತರು, ಅವರ ಸಾಲಿನಲ್ಲಿ ಸೇರಿ ನಡೆದರು, ಅವರಿಗಾಗಿ ಹಾಡಿದರು, ಅವರು ಊರಿಗೆ ಮರಳುವ ರೈಲಿನ ವೆಚ್ಚಕ್ಕೆ ನೆರವಾದರು. ಆ ಜನರ ಬಣ್ಣ ಬಿಳಿಯದು, ಭಾಷೆ ಬೇರೆ. ಆದರೆ ಹಸಿದ ಹೊಟ್ಟೆಯಿಂದ ಒಟ್ಟಾಗಿ ಹಾಡುವ ರೀತಿ ತಮ್ಮ ತಂದೆಯ ಚರ್ಚಿನದೇ ಎಂದು ಅವರಿಗೆ ತೋರಿತು. ಅದರ ಮರುವರ್ಷ, ೧೯೩೦ರಲ್ಲಿ, ನಮ್ಮ ಚಿನ್ನದ ಗಣಿಗಳಲ್ಲಿಯೂ ಕಾರ್ಮಿಕರು ಬೆರಳಚ್ಚಿನ ನೋಂದಣಿಯನ್ನು ಪ್ರತಿಭಟಿಸಿ ಕೆಲಸ ನಿಲ್ಲಿಸಿದರೆಂಬುದನ್ನು ಇಲ್ಲಿ ನೆನೆಯಬಹುದು. ಮನುಷ್ಯನಂತೆ ನಡೆಸಿಕೊಳ್ಳಿರೆಂಬ ಬೇಡಿಕೆ ಎರಡು ಕಡೆಯೂ ಒಂದೇ.

ಆ ಮೇಲೆ ವೇಲ್ಸಿನ ಗಣಿಗಾರರ ಊರುಗಳಿಗೆ ರೋಬ್ಸನ್ ಅವರು ಮತ್ತೆ ಮತ್ತೆ ಹೋದರು. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿ ಹೋರಾಡಿ ಮಡಿದ ವೇಲ್ಸಿನವರ ಸ್ಮರಣೆಗೆಂದು ೧೯೩೮ರ ಡಿಸೆಂಬರಿನಲ್ಲಿ ಮೌಂಟನ್ ಆಷ್ ಎಂಬ ಊರಿನಲ್ಲಿ ಸಾವಿರಾರು ಜನರ ಮುಂದೆ ಹಾಡಿದರು. ಅದೇ ವರ್ಷ ಲಂಡನ್ನಿಗೆ ಬಂದಿದ್ದ ಜವಾಹರಲಾಲ ನೆಹರೂ ಅವರ ಸ್ವಾಗತ ಸಭೆಯಲ್ಲಿಯೂ ಭಾಗವಹಿಸಿದರು. ಎರಡು ಕುಟುಂಬಗಳ ನಡುವೆ ಸ್ನೇಹ ಬೆಳೆಯಿತು. ೧೯೪೦ರಲ್ಲಿ ತೆರೆಗೆ ಬಂದ ಪ್ರೌಡ್ ವ್ಯಾಲಿ ಎಂಬ ಚಿತ್ರದಲ್ಲಿ ಅವರು ವೇಲ್ಸಿನ ಗಣಿಯೂರಿಗೆ ಕೆಲಸ ಹುಡುಕಿ ಬರುವ ಕಪ್ಪು ನಾವಿಕನ ಪಾತ್ರ ವಹಿಸಿದರು. ಅವನ ಕಂಠಕ್ಕೆ ಮಾರುಹೋದ ಊರಿನವರು ಅವನನ್ನು ತಮ್ಮ ಮೇಳಕ್ಕೆ ಸೇರಿಸಿಕೊಳ್ಳುತ್ತಾರೆ. ಕಡೆಗೆ ಅವನು ಜೊತೆಗಾರರನ್ನು ಉಳಿಸಲು ಗಣಿಯೊಳಗೆ ಪ್ರಾಣವನ್ನೇ ಕೊಡುತ್ತಾನೆ. ಬಂಡೆ ಸಿಡಿತದ ಸುದ್ದಿ ಬಂದಾಗ ಶಾಫ್ಟಿನ ಬಾಯಲ್ಲಿ ಕಾದು ನಿಂತ ಹೆಂಗಸರ ಕಥೆಯನ್ನು ಅಜ್ಜಿಯಿಂದ ಕೇಳಿ ಬೆಳೆದವರಿಗೆ ಆ ಚಿತ್ರ ಪರದೇಶದ್ದೆಂದು ತೋರಲಾರದು.

ಅಮೆರಿಕಕ್ಕೆ ಮರಳಿದ ಮೇಲೆ ಅವರ ಕೀರ್ತಿ ಶಿಖರವನ್ನು ಮುಟ್ಟಿತು. ೧೯೪೩ರಲ್ಲಿ ಬ್ರಾಡ್‌ವೇಯಲ್ಲಿ ಆರಂಭವಾದ ಅವರ ಒಥೆಲೊ ೨೯೬ ಪ್ರಯೋಗಗಳನ್ನು ಕಂಡಿತು. ಅಲ್ಲಿಗೇ ತೃಪ್ತರಾಗಿದ್ದರೆ ಅವರು ಸುಖವಾಗಿ ಬಾಳಿ ಸಾಯಬಹುದಾಗಿತ್ತು. ಆದರೆ ಕಪ್ಪು ಜನರನ್ನು ಗುಂಪು ಕಟ್ಟಿ ಕೊಲ್ಲುವುದನ್ನು ಸರ್ಕಾರ ತಡೆಯಬೇಕೆಂದರು; ಆಫ್ರಿಕದ ವಸಾಹತುಗಳಿಗೆ ಸ್ವಾತಂತ್ರ್ಯ ಬೇಕೆಂದರು; ಸೋವಿಯತ್ ಒಕ್ಕೂಟದೊಡನೆ ಸ್ನೇಹ ಬೇಕೆಂದರು. ಶೀತಲ ಸಮರದ ಆ ದಿನಗಳಲ್ಲಿ ಇದು ಅಪರಾಧವಾಯಿತು. ೧೯೪೯ರಲ್ಲಿ ಪೀಕ್‌ಸ್ಕಿಲ್ ಎಂಬಲ್ಲಿ ಅವರು ಹಾಡಬೇಕಾಗಿದ್ದ ಕಚೇರಿಯನ್ನು ದೊಂಬಿಗಾರರು ನಿಲ್ಲಿಸಿದರು. ಒಂದು ವಾರದ ಬಳಿಕ, ಕಾರ್ಮಿಕ ಸಂಘದವರು ಸುತ್ತ ಕಾವಲು ನಿಂತಿರಲು, ಅವರು ಅಲ್ಲಿಯೇ ಹಾಡಿದರು. ಕೇಳಿ ಮರಳುತ್ತಿದ್ದವರ ವಾಹನಗಳ ಮೇಲೆ ಕಲ್ಲಿನ ಮಳೆಯೇ ಸುರಿಯಿತು. ೧೯೫೦ರಲ್ಲಿ ಸರ್ಕಾರ ಅವರ ಪಾಸ್‌ಪೋರ್ಟನ್ನು ರದ್ದು ಮಾಡಿತು. ಸಭಾಭವನಗಳು ಬಾಗಿಲು ಮುಚ್ಚಿದವು. ಧ್ವನಿಮುದ್ರಣದ ಕಂಪನಿಗಳು ಕೈಬಿಟ್ಟವು. ವರ್ಷಕ್ಕೆ ಲಕ್ಷ ಡಾಲರಿಗೂ ಮಿಕ್ಕಿದ್ದ ವರಮಾನ ಆರು ಸಾವಿರದ ಆಸುಪಾಸಿಗೆ ಇಳಿಯಿತು. ಹಳೆಯ ಫುಟ್‌ಬಾಲ್ ಪಟ್ಟಿಯಿಂದಲೂ ಅವರ ಹೆಸರನ್ನು ತೆಗೆದುಹಾಕಿದರು.

ಈ ಕಷ್ಟಕಾಲದಲ್ಲಿ ಅವರ ಕೈಹಿಡಿದವರು ಯಾರು? ಗಣಿಗಾರರೇ. ೧೯೫೨ರ ಆರಂಭದಲ್ಲಿ ಕೆನಡದ ವ್ಯಾಂಕೂವರಿನಲ್ಲಿ ನಡೆದ ಗಣಿ ಕಾರ್ಮಿಕರ ಸಮ್ಮೇಳನಕ್ಕೆ ಅವರಿಗೆ ಆಹ್ವಾನ ಬಂತು. ಗಡಿಯಲ್ಲಿ ಅವರನ್ನು ತಡೆದರು. ಆಗ ಅವರು ದೂರವಾಣಿಯ ಮೂಲಕ ಸಮ್ಮೇಳನಕ್ಕೆ ಹಾಡಿದರು. ಅದೇ ವರ್ಷ ಮೇ ೧೮ರಂದು ಗಣಿ ಕಾರ್ಮಿಕರ ಸಂಘವು ಎರಡು ದೇಶಗಳ ಗಡಿಯಲ್ಲಿಯೇ ಕಚೇರಿಯನ್ನು ಏರ್ಪಡಿಸಿತು. ರೋಬ್ಸನ್ ಅವರು ಅಮೆರಿಕದ ಮಣ್ಣಿನಲ್ಲಿ ನಿಂತಿದ್ದ ಲಾರಿಯ ಮೇಲೆ ನಿಂತು ಹಾಡಿದರು. ಗಡಿಯ ಆಚೆ ಕೆನಡದ ನೆಲದಲ್ಲಿ ಸಹಸ್ರ ಸಹಸ್ರ ಜನ ನಿಂತು ಕೇಳಿದರು. ೧೯೫೭ರ ಅಕ್ಟೋಬರ್ ೫ರಂದು ವೇಲ್ಸಿನ ಗಣಿಗಾರರು ಇದಕ್ಕಿಂತಲೂ ದೊಡ್ಡ ಸಾಹಸ ಮಾಡಿದರು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ದೂರವಾಣಿ ತಂತಿಯ ಮೂಲಕ, ಪೋರ್ಥ್‌ಕಾಲ್ ಪಟ್ಟಣದ ತಮ್ಮ ಸಂಗೀತೋತ್ಸವಕ್ಕೆ ಅವರ ಕಂಠವನ್ನು ಬರಮಾಡಿಕೊಂಡರು. ನ್ಯೂಯಾರ್ಕಿನ ಕೋಣೆಯೊಂದರಲ್ಲಿ ಕುಳಿತು ಅವರು ಹಾಡಿದರು. ಸಾಗರದಾಚೆ ಸುಮಾರು ಐದು ಸಾವಿರ ಮಂದಿ ಕೇಳಿದರು, ಕೇಳಿ ತಾವೂ ಮರುಹಾಡಿದರು. ಮನುಷ್ಯನನ್ನು ತಡೆಯಬಲ್ಲ ಸರ್ಕಾರಕ್ಕೆ ಹಾಡನ್ನು ತಡೆಯಲಾಗಲಿಲ್ಲ.

೧೯೫೮ರಲ್ಲಿ ಅವರಿಗೆ ಅರವತ್ತು ತುಂಬಿತು. ನಮ್ಮ ದೇಶದಲ್ಲಿ ಆ ಹುಟ್ಟುಹಬ್ಬವನ್ನು ನೆಹರೂ ಅವರ ಬೆಂಬಲದೊಡನೆ ಆಚರಿಸಿದರು. ಅಮೆರಿಕದ ಅಧಿಕಾರಿಗಳು ಅದನ್ನು ತಪ್ಪಿಸಲು ಯತ್ನಿಸಿ ವಿಫಲರಾದರು. ಅದೇ ವರ್ಷ ಜೂನಿನಲ್ಲಿ, ಅಭಿಪ್ರಾಯದ ಕಾರಣಕ್ಕಾಗಿ ಪಾಸ್‌ಪೋರ್ಟನ್ನು ನಿರಾಕರಿಸಲು ಸರ್ಕಾರಕ್ಕೆ ಅಧಿಕಾರವಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಬೇರೊಂದು ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಎಂಟು ವರ್ಷಗಳ ಬಂಧನ ಕಳಚಿತು. ಅವರು ಮತ್ತೆ ವೇಲ್ಸಿಗೆ ಹೋದರು. ೧೯೬೦ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಇನ್ನೂ ಕಟ್ಟುತ್ತಿದ್ದ ಸಂಗೀತ ಭವನದ ಅಂಗಳದಲ್ಲಿ, ಅದನ್ನು ಕಟ್ಟುವ ಕೂಲಿಗಾರರಿಗಾಗಿಯೇ ಹಾಡಿದರು. ಆದರೆ ದೇಹ ಮನಸ್ಸುಗಳು ದಣಿದಿದ್ದವು. ದೀರ್ಘಕಾಲದ ಅಸ್ವಸ್ಥತೆಯ ಬಳಿಕ ೧೯೭೬ರ ಜನವರಿ ೨೩ರಂದು ಫಿಲಡೆಲ್ಫಿಯದಲ್ಲಿ ನಿಧನ ಹೊಂದಿದರು.

ಮಹಾಪುರುಷರ ಚರಿತ್ರೆಯಲ್ಲಿ ಕಲೆಯೇ ಇಲ್ಲವೆಂಬಂತೆ ಬರೆಯುವುದು ನಮ್ಮಲ್ಲಿ ರೂಢಿ. ಅದು ಸರಿಯಲ್ಲ. ೧೯೪೯ರಲ್ಲಿ ಮಾಸ್ಕೋಗೆ ಹೋಗಿದ್ದಾಗ ತಮ್ಮ ಮಿತ್ರ, ಯಹೂದಿ ಕವಿ ಇಟ್ಜಿಕ್ ಫೆಫರ್ ಸೆರೆಯಲ್ಲಿದ್ದಾನೆಂಬುದು ರೋಬ್ಸನ್ ಅವರಿಗೆ ತಿಳಿಯಿತು. ಅಲ್ಲಿನ ಕಚೇರಿಯಲ್ಲಿ ಆತನ ಭಾಷೆಯಾದ ಯಿಡ್ಡಿಷಿನಲ್ಲಿ ಹಾಡಿ ಅವರು ತಮ್ಮ ಸ್ನೇಹವನ್ನು ತೋರಿದರು. ಆದರೆ ಅಮೆರಿಕಕ್ಕೆ ಮರಳಿದ ಮೇಲೆ ಸ್ಟಾಲಿನ್ನನ ಕ್ರೌರ್ಯದ ವಿಚಾರದಲ್ಲಿ ಬಾಯಿ ತೆರೆಯಲಿಲ್ಲ. ೧೯೫೨ರಲ್ಲಿ ಆ ಕವಿಯನ್ನು ಗುಂಡಿಕ್ಕಿ ಕೊಂದರು. ತಮ್ಮ ಶತ್ರುಗಳಿಗೆ ಆಯುಧ ಒದಗಿಸಬಾರದೆಂಬ ಎಣಿಕೆ ಅವರದಾಗಿದ್ದಿರಬಹುದು. ಆದರೂ ಒಂದು ಕಡೆಯ ಅನ್ಯಾಯಕ್ಕೆ ಅಷ್ಟು ದಿಟ್ಟವಾಗಿ ನುಡಿದ ಕಂಠ ಇನ್ನೊಂದು ಕಡೆಯ ಅನ್ಯಾಯಕ್ಕೆ ಮೌನವಾದದ್ದು ನೋವಿನ ಸಂಗತಿ. ಅವರ ಧೈರ್ಯದಿಂದ ಕಲಿಯುವಂತೆಯೇ ಈ ಮೌನದಿಂದಲೂ ನಾವು ಕಲಿಯಬೇಕು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ರೋಬ್ಸನ್ ಅವರು ರೆಗೆ ಹಾಡಿದವರಲ್ಲ, ರ‍್ಯಾಪ್ ನುಡಿದವರಲ್ಲ. ಆದರೆ ಅವರು ವೇದಿಕೆಗೆ ತಂದ ಚರ್ಚಿನ ಹಾಡಿನ ಬೇರಿನಿಂದಲೇ ಸ್ಯಾಮ್ ಕುಕ್, ಅರೀತ ಫ್ರ್ಯಾಂಕ್ಲಿನ್ ಮೊದಲಾದವರ ಸೋಲ್ ಸಂಗೀತ ಚಿಗುರಿತು. ೧೯೪೮ರಲ್ಲಿ ಅವರು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಬಡಬಗ್ಗರಿಗಾಗಿ ಬಯಲಿನಲ್ಲಿ ಹಾಡಿದರು. ಎರಡು ದಶಕಗಳ ಬಳಿಕ ಅದೇ ನಗರದ ಬಡ ಕೇರಿಗಳಿಂದ ರೆಗೆ ಎದ್ದಿತು. ಜಮೈಕಾದಲ್ಲಿ ಹುಟ್ಟಿದ ಕೂಲ್ ಹರ್ಕ್ ಎಂಬ ತರುಣ ೧೯೭೩ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ನಡೆಸಿದ ಕೂಟದಿಂದ ಹಿಪ್ ಹಾಪ್ ಕಣ್ಣು ತೆರೆಯಿತು. ರಾಗ ಬೇರೆ, ವಾದ್ಯ ಬೇರೆ. ಕಲಾವಿದನು ತನ್ನ ಜನರ ಸಾಕ್ಷಿಯಾಗಿ ನಿಲ್ಲಬೇಕೆಂಬ ನಿಯಮ ಮಾತ್ರ ಒಂದೇ. ಅದನ್ನು ಬೆಲೆ ತೆತ್ತು ಕಾಪಾಡಿದವರಲ್ಲಿ ರೋಬ್ಸನ್ ಅವರು ಅಗ್ರಗಣ್ಯರು.

ನಮ್ಮ ಗಣಿಗಳಲ್ಲಿಯೂ ಹಾಡು ಇರಲಿಲ್ಲವೇ? ಲೈನುಮನೆಗಳಲ್ಲಿ ತಮಿಳು, ತೆಲುಗು, ಕನ್ನಡ ಎಂಬ ಭೇದವಿಲ್ಲದೆ ಹುಟ್ಟಿಗೂ ಸಾವಿಗೂ ಹಾಡಿದವರು, ತಮಟೆ ಬಡಿದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ವೇಲ್ಸಿನಲ್ಲಿಯೂ ಗಣಿಗಳು ಮುಚ್ಚಿವೆ. ಆದರೆ ಗಣಿಗಾರರ ಮೇಳಗಳು ಇಂದಿಗೂ ಹಾಡುತ್ತವೆ. ನಮ್ಮಲ್ಲಿ ಶಾಫ್ಟುಗಳಿಗೆ ನೀರು ತುಂಬಿತು. ಹಾಡುಗಳೂ ಹಾಗೆಯೇ ಮುಳುಗಬೇಕೆ? ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಕೈಯಲ್ಲಿರುವ ಫೋನಿನಲ್ಲಿ ತಂತಮ್ಮ ಅಜ್ಜ ಅಜ್ಜಿಯರ ಒಂದೊಂದು ಹಾಡನ್ನು ಮುದ್ರಿಸಿಕೊಂಡರೂ ಸಾಕು, ಈ ಊರಿಗೆ ದೊಡ್ಡ ಉಪಕಾರವಾಗುತ್ತದೆ. ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ನೀಡಬೇಕೆಂದು ವಿನಯದಿಂದ ಪ್ರಾರ್ಥಿಸುತ್ತೇನೆ. ಗಣಿಗಾರರ ಹಾಡಿಗೆ ಬೀದಿಯಲ್ಲಿ ಕಿವಿಗೊಟ್ಟು ನಿಂತ ಆ ಮಹಾ ಗಾಯಕನಿಗೆ ನಾವು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೆ ಇಲ್ಲ.