ತೇಜಸ್ವಿ ನಡೆದ ದಾರಿ, ನಾವು ಬಿಟ್ಟ ನಡಿಗೆ

ಕಾಫಿ ಸೀಮೆಯಲ್ಲಿ ವ್ಯಾಯಾಮದ ಸಂಕಲ್ಪಗಳಿಗೆ ಆಯುಸ್ಸು ಕಡಿಮೆ. ಕೊಯ್ಲು ಮುಗಿಯಲಿ, ಆಮೇಲೆ ದಿನವೂ ಬೆಳಿಗ್ಗೆ ನಡೆಯೋಣ ಎಂದು ನವೆಂಬರ್‌ನಲ್ಲಿ ಅಂದುಕೊಂಡವರು ಮಾರ್ಚ್ ಹೊತ್ತಿಗೆ ಹೂಮಳೆಯ ಚಿಂತೆಯಲ್ಲಿರುತ್ತಾರೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹೂಡಬೇಕು. ಅದರ ಬೆನ್ನಿಗೆ ಕಪಾತು, ಗೊಬ್ಬರ, ಮರಗಸಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲಂತೂ ಮೂಡಿಗೆರೆ, ಕಳಸದ ಕಡೆ ಹೊರಗೆ ಕಾಲಿಡುವುದೇ ಒಂದು ಸಾಹಸ. ಕೊಂಡು ತಂದ ಬಿಳಿ ಬೂಟುಗಳು ಜಗಲಿಯ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತವೆ. ಶಾಲೆ, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವವರ ಕಥೆಯೂ ಬೇರೆಯಲ್ಲ. ಕಾರಣಗಳು ಬದಲಾಗುತ್ತವೆ, ಬೂಟು ಸೇರುವ ಮೂಲೆ ಒಂದೇ.

ಇದು ಗುಡ್ಡಗಾಡಿನವರ ಸೋಮಾರಿತನದ ಮಾತು ಮಾತ್ರವಲ್ಲ. ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ನಡೆಸುತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. 2000ನೇ ಇಸವಿಯಲ್ಲಿ ಈ ಪ್ರಮಾಣ ನೂರಕ್ಕೆ 22ರ ಆಸುಪಾಸಿನಲ್ಲಿತ್ತು. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕೆಂಬುದು ಆ ಸಂಸ್ಥೆಯ ಸಲಹೆ. ದಿನಕ್ಕೆ ಲೆಕ್ಕ ಹಾಕಿದರೆ ಅರ್ಧ ಗಂಟೆಯೂ ಆಗದು. ಇಷ್ಟು ಅಲ್ಪವಾದದ್ದು ನಮ್ಮ ಬದುಕಿನಲ್ಲಿ ಏಕೆ ನಿಲ್ಲುತ್ತಿಲ್ಲ? ಈ ಪ್ರಶ್ನೆಯನ್ನು ಹಿಡಿದು ಹೊರಟಾಗ ನನಗೆ ನೆನಪಾಗುವವರು, ವ್ಯಾಯಾಮದ ಬಗ್ಗೆ ಯಾರಿಗೂ ಉಪದೇಶ ಮಾಡದ, ನಮ್ಮದೇ ಸೀಮೆಯಲ್ಲಿ ಬಾಳಿದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

1938ರ ಸೆಪ್ಟೆಂಬರ್ 8ರಂದು ಹುಟ್ಟಿದ ತೇಜಸ್ವಿ ಬೆಳೆದದ್ದು ಮೈಸೂರಿನ ‘ಉದಯರವಿ’ಯಲ್ಲಿ. ಆ ಮನೆಯ ಯಜಮಾನ ಕುವೆಂಪು ಸ್ವತಃ ದೊಡ್ಡ ನಡಿಗೆಗಾರರು. ಹುಟ್ಟಿದ್ದು ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಬಾಲ್ಯದ ಕಾಡುಗುಡ್ಡಗಳನ್ನು ಬಿಟ್ಟು ಮೈಸೂರು ಸೇರಿದ ಮೇಲೆ ಅವರ ಕಾಲುಗಳಿಗೆ ಕುಕ್ಕನಹಳ್ಳಿ ಕೆರೆಯ ಏರಿ ಆಸರೆಯಾಯಿತು. ಪಾಠ, ಮಹಾಕಾವ್ಯ, ಕಾದಂಬರಿಗಳ ನಡುವೆಯೂ ನಡಿಗೆ ಬಿಡಲಿಲ್ಲ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಅವರು ಕಟ್ಟಿದ ಮಾನಸಗಂಗೋತ್ರಿ ನೆಲೆಯಾದದ್ದೂ ಆ ಕೆರೆಯ ಮಗ್ಗುಲಲ್ಲೇ. ಅವರಿಗೆ ಆ ದಾರಿ ವ್ಯಾಯಾಮಶಾಲೆಯಾಗಿರಲಿಲ್ಲ. ಆಕಾಶ, ನೀರು, ಹಕ್ಕಿ, ಸೂರ್ಯಾಸ್ತಗಳನ್ನು ಕಾಣುವ ಸ್ಥಳವಾಗಿತ್ತು. ಅಲ್ಲಿ ಕಂಡದ್ದು ಮನೆಗೆ ಬಂದು ಕವಿತೆಯಾಗುತ್ತಿತ್ತು. ಹೊತ್ತು ಗೊತ್ತು, ದಾರಿ ಗೊತ್ತು, ಹೋಗಲು ಒಂದು ಕಾರಣವೂ ಇತ್ತು.

ಮಗನ ಸ್ವಭಾವ ಬೇರೆ. ಗಡಿಯಾರಕ್ಕೂ ತೇಜಸ್ವಿಯವರಿಗೂ ಅಷ್ಟಾಗಿ ಒಗ್ಗಿಬರುವಂತಿರಲಿಲ್ಲ. ಓದು ಮುಗಿಸಿದ ತರುಣ ಕನ್ನಡ ಅಧ್ಯಾಪಕನಾಗಿ ಮೈಸೂರಿನಲ್ಲಿ ನೆಲೆಸಬಹುದಿತ್ತು. ಅವರು ಅದನ್ನು ಬಿಟ್ಟು 1960ರ ದಶಕದಲ್ಲಿ ಮೂಡಿಗೆರೆಯ ಕಡೆ ಬಂದು ಕಾಫಿ ಬೇಸಾಯಕ್ಕೆ ಇಳಿದರು. ಮೊದಲು ‘ಚಿತ್ರಕೂಟ’, ಅನಂತರ ‘ನಿರುತ್ತರ’ ಅವರ ತೋಟಗಳು. 1966ರಲ್ಲಿ ರಾಜೇಶ್ವರಿಯವರೊಡನೆ ಸರಳವಾಗಿ ಮದುವೆಯಾದರು. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಮದುವೆ ಅದು.

ತೋಟವೆಂದರೆ ಕುಳಿತು ಉಣ್ಣುವ ಆಸ್ತಿಯೆಂದು ದೂರದವರು ತಿಳಿಯುತ್ತಾರೆ. ಇಳಿಜಾರಿನ ಕಾಫಿ ತೋಟವನ್ನು ಸಾಲು ಹಿಡಿದು ಒಮ್ಮೆ ಸುತ್ತಿ ಬಂದವರಿಗೆ ನಿಜ ಗೊತ್ತು. ಕಾಂಡಕೊರಕ ಬಿದ್ದ ಗಿಡ ಯಾವುದು, ಎಲ್ಲಿ ನೆರಳು ಹೆಚ್ಚಾಯಿತು, ಎಲ್ಲಿ ನೀರು ನಿಂತು ಬೇರು ಕೊಳೆಯುತ್ತಿದೆ ಎಂಬುದು ಕಾಲ್ನಡಿಗೆಯಲ್ಲಿ ಹೋದವನ ಕಣ್ಣಿಗೆ ಮಾತ್ರ ಬೀಳುತ್ತದೆ. ತೇಜಸ್ವಿಯವರ ಅಲೆದಾಟ ತೋಟದ ಬೇಲಿಗೆ ನಿಲ್ಲಲಿಲ್ಲ. ಗಾಳ ಹಿಡಿದು ಹೊಳೆದಂಡೆಗಳನ್ನು ಸುತ್ತಿದರು. ಮೀನು ಸಿಗುವ ಮಡುವಿಗೆ ಯಾವ ಕಾಲದಲ್ಲೂ ಡಾಂಬರು ರಸ್ತೆ ಇರುವುದಿಲ್ಲ. ಗದ್ದೆ ಬದು, ಬಂಡೆ, ಮುಳ್ಳುಪೊದೆ ದಾಟಿ, ಉಂಬಳ ಕಿತ್ತೆಸೆಯುತ್ತ ಹೋಗಬೇಕು.

ಪ್ರಾಯದಲ್ಲಿ ಅವರ ಕೈಯಲ್ಲಿ ಕೋವಿಯೂ ಇತ್ತು. ಕ್ರಮೇಣ ಅದರ ಜಾಗಕ್ಕೆ ಕ್ಯಾಮೆರಾ ಬಂತು. ಈ ಬದಲಾವಣೆಯನ್ನು ಅವರ ಪರಿಸರ ಪ್ರೀತಿಯ ಕಥೆಯಾಗಿ ನಾವೆಲ್ಲ ಹೇಳುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ವಯಸ್ಸು ಏರುತ್ತಿದ್ದಂತೆ ಮನುಷ್ಯ ಹೊರಗೆ ಹೋಗುವುದನ್ನು ಕಡಿಮೆ ಮಾಡುವುದು ಲೋಕದ ರೂಢಿ. ಇವರಿಗಾದರೋ ಒಂದು ಕಾರಣ ಮುಗಿದಲ್ಲಿ ಮತ್ತೊಂದು ಹುಟ್ಟಿಕೊಂಡಿತು. ಹಕ್ಕಿಯ ಚಿತ್ರ ತೆಗೆಯುವುದು ಬೇಟೆಗಿಂತ ಕಷ್ಟದ ಕೆಲಸ. ಗೂಡು ಹುಡುಕಬೇಕು, ಮರೆ ಕಟ್ಟಬೇಕು, ಭಾರದ ಮಸೂರ ಹೊರಬೇಕು, ಬೆಳಕು ಸರಿಯಿಲ್ಲದಿದ್ದರೆ ನಾಳೆ ಮತ್ತೆ ಬರಬೇಕು. ಇಷ್ಟರಲ್ಲಿ ಎಷ್ಟು ಹೆಜ್ಜೆ ನಡೆದೆವೆಂದು ಯಾರು ಎಣಿಸುತ್ತಾರೆ? ಹತ್ತು ಸಾವಿರ ಹೆಜ್ಜೆಯೆಂಬ ಪ್ರಸಿದ್ಧ ಗುರಿಯಾದರೂ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು 1965ರಲ್ಲಿ ಜಪಾನಿನಲ್ಲಿ ಹುಟ್ಟಿದ ಹೆಸರೇ ಹೊರತು ವೈದ್ಯಶಾಸ್ತ್ರದ ಆಜ್ಞೆಯಲ್ಲ.

ಬಿಡುವಿದ್ದವರಿಗೆ ಇದೆಲ್ಲ ಸರಿ ಎಂದು ಯಾರಾದರೂ ಹೇಳಬಹುದು. ತೇಜಸ್ವಿಯವರಿಗೆ ಬಿಡುವಿತ್ತೇ? ‘ಅಬಚೂರಿನ ಪೋಸ್ಟಾಫೀಸು’, 1980ರ ‘ಕರ್ವಾಲೊ’, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’, ‘ಪರಿಸರದ ಕಥೆ’, ‘ಜುಗಾರಿ ಕ್ರಾಸ್’, ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳ ರೂಪಾಂತರ, ಹಕ್ಕಿಗಳ ಕುರಿತ ಪುಸ್ತಕಗಳು ಎಲ್ಲವೂ ಒಬ್ಬ ಕೃಷಿಕನ ದಿನಚರಿಯ ನಡುವೆ ಬಂದವು. ಚಿತ್ರಕಲೆ, ಚಳವಳಿಗಳ ಒಡನಾಟ, ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಕೆಲಸ ಬೇರೆ. ಬರವಣಿಗೆಯೂ ಕಂಪ್ಯೂಟರೂ ಗಂಟೆಗಟ್ಟಲೆ ಕುಳಿತು ಮಾಡುವ ಕೆಲಸಗಳೇ. ಆದರೆ ಬರೆಯಬೇಕಾದ ಸರಕು ಹೊರಗಿದ್ದುದರಿಂದ ಕುರ್ಚಿ ಬಿಟ್ಟು ಏಳುವುದು ಅನಿವಾರ್ಯವಾಗುತ್ತಿತ್ತು. ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿ, ಕೃಷಿಕ, ಜೇನು ಹಿಡಿಯುವ ಮಂದಣ್ಣ ಎಲ್ಲರೂ ಕಾಡು ಹೊಕ್ಕು ಬೆಟ್ಟ ಹತ್ತುವುದು ಹಾರುವ ಓತಿಯೊಂದನ್ನು ಕಾಣಲು. ಅಷ್ಟು ಬಗೆಯ ಜನರನ್ನು ಏದುಸಿರು ಬಿಡುತ್ತ ನಡೆಸಿದ್ದು ಕುತೂಹಲವೇ.

ನನ್ನ ವಾದವಿಷ್ಟೇ. ವ್ಯಾಯಾಮವನ್ನು ದೇಹಕ್ಕೆ ಕಟ್ಟಬೇಕಾದ ಕಂದಾಯವೆಂದು ತಿಳಿದವರು ಬಹಳ ದಿನ ಕಟ್ಟುವುದಿಲ್ಲ. ಬೇರೊಂದು ಪ್ರೀತಿಯ ಜೊತೆಗೆ ಅದನ್ನು ಕಟ್ಟಿಹಾಕಿದವರು ಬಿಡುವುದಿಲ್ಲ. ತಂದೆ ಅದನ್ನು ಒಂದು ದಾರಿಗೆ, ಒಂದು ಹೊತ್ತಿಗೆ ಕಟ್ಟಿದರು. ಮಗ ಅದನ್ನು ಗಾಳಕ್ಕೆ, ಕ್ಯಾಮೆರಾಕ್ಕೆ ಕಟ್ಟಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರ ಹತ್ತಿರಕ್ಕೇ ಬರುತ್ತದೆ. ದಿನಚರಿಯ ಗೊತ್ತಾದ ಘಟ್ಟವೊಂದಕ್ಕೆ ಅಂಟಿಸಿಕೊಂಡ ಕೆಲಸ ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜೂ ಇತ್ತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ ಎಂಬುದು ಅದರ ಸಮಾಧಾನದ ಮಾತು. ಮಲೆನಾಡಿಗರು ಇದನ್ನು ಗಮನಿಸಬೇಕು. ಜಡಿಮಳೆಯಲ್ಲಿ ಒಂದು ದಿನ ತಪ್ಪಿತೆಂದು ಮಳೆಗಾಲವನ್ನೇ ಬಿಟ್ಟುಕೊಡುವುದು ನಮ್ಮ ರೋಗ.

ಈ ಮಾತಿಗೆ ಆಕ್ಷೇಪಗಳಿವೆ. ಮನೆ ನಡೆಸುವ ಒಬ್ಬರು ಇದ್ದಾಗ ಮಾತ್ರ ಇನ್ನೊಬ್ಬರು ಹೊಳೆದಂಡೆಗೆ ಹೋಗಬಹುದು. ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಓದಿದವರಿಗೆ ಆ ಬದುಕಿನ ಇನ್ನೊಂದು ಹೆಗಲು ಯಾರದೆಂದು ತಿಳಿದಿದೆ. 2024ರ ಅಧ್ಯಯನದಲ್ಲೂ ಭಾರತದ ಗಂಡಸರಿಗಿಂತ ಹೆಂಗಸರಲ್ಲೇ ಚಟುವಟಿಕೆಯ ಕೊರತೆ ಹೆಚ್ಚು. ಅಡುಗೆಮನೆಯಲ್ಲಿ ದಿನವಿಡೀ ನಿಂತವಳಿಗೆ ದಣಿವುಂಟು, ನಡಿಗೆಯಿಲ್ಲ. ಅವಳ ಅರ್ಧ ಗಂಟೆಯನ್ನು ಮನೆಯವರು ಬಿಡಿಸಿಕೊಡದೆ ಅವಳಿಗೆ ಸಂಕಲ್ಪದ ಪಾಠ ಹೇಳುವುದು ಅನ್ಯಾಯ. ಮೂಡಿಗೆರೆ ತಾಲ್ಲೂಕಿನಲ್ಲಿ ನಸುಕಿನಲ್ಲಿ ಹೊರಡುವವರಿಗೆ ಕಾಡಾನೆಯ ಭಯವೂ ಇದೆ. ಅದು ಕಟ್ಟುಕಥೆಯಲ್ಲ. ಬೆಳಕು ಹರಿದ ಮೇಲೆ, ಜೊತೆಗೂಡಿ, ಪೇಟೆಯ ದಾರಿಯಲ್ಲೋ ಶಾಲೆಯ ಮೈದಾನದಲ್ಲೋ ನಡೆಯುವುದೇ ಅಲ್ಲಿ ವಿವೇಕ.

ಆದರೆ ಜೀಪಿಗೆ ಇಂಥ ನೆಪವಿಲ್ಲ. ಮನೆಯಿಂದ ಕಣದವರೆಗೆ, ಕಣದಿಂದ ಲೈನಿನವರೆಗೆ ಚಕ್ರದ ಮೇಲೆಯೇ ಹೋಗುವ ಸಾಹುಕಾರರನ್ನೂ, ಬೈಕಿನಿಂದ ಇಳಿಯದ ರೈಟರುಗಳನ್ನೂ ನಾನು ನೋಡುತ್ತಲೇ ಇದ್ದೇನೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರ ಆರೋಗ್ಯದ ವಿವರ ಪ್ರಕಟಿಸಿದರು. ದಿನವೂ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗಿಂತ ಕುಳಿತೇ ಇರುತ್ತಿದ್ದ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಒಂದೇ ಬಸ್ಸು, ಒಂದೇ ದಾರಿ, ಎರಡು ಬಗೆಯ ದೇಹ. ಒಂದೇ ತೋಟದಲ್ಲೂ ಹೀಗೆ ಎರಡು ಬಗೆಯ ದೇಹಗಳು ರೂಪುಗೊಳ್ಳುತ್ತಿವೆ. ಒಂದು ಅತಿಯಾಗಿ ದಣಿಯುತ್ತದೆ, ಇನ್ನೊಂದು ದಣಿಯುವುದನ್ನೇ ಮರೆತಿದೆ.

ತೇಜಸ್ವಿ 2007ರ ಏಪ್ರಿಲ್ 5ರಂದು ‘ನಿರುತ್ತರ’ದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 68 ವರ್ಷ. ಇಷ್ಟು ನಡೆದವರೂ ಹಾಗೆ ಹೋದರಲ್ಲ ಎಂದು ನಡಿಗೆಯನ್ನು ಹೀಗಳೆಯುವವರಿದ್ದಾರೆ. ನಡಿಗೆ ರೋಗದ ಅಪಾಯವನ್ನು ತಗ್ಗಿಸುತ್ತದೆ, ಆಯುಸ್ಸಿಗೆ ಮುಚ್ಚಳಿಕೆ ಬರೆದುಕೊಡುವುದಿಲ್ಲ. ವರ್ಷಗಳನ್ನು ಕೂಡಿಸುವ ಲೆಕ್ಕಕ್ಕಾಗಿ ಅವರು ಹೊಳೆದಂಡೆಗೆ ಹೋದವರೂ ಅಲ್ಲ. ಬದುಕಿದ್ದಷ್ಟು ದಿನ ಮೈಯೂ ಮನಸ್ಸೂ ಒಟ್ಟಿಗೆ ಹೊರಗೆ ಹೋಗಿಬರುತ್ತಿದ್ದವು ಎಂಬುದೇ ಅವರಿಗೆ ಸಂದ ಲಾಭ.

ಅವರಂತೆ ಬರೆಯುವುದು ನಮ್ಮಿಂದಾಗದು. ಅವರಂತೆ ಒಂದು ಕಾರಣವನ್ನು ಹುಡುಕಿಕೊಳ್ಳುವುದು ಆದೀತು. ತೋಟದವರು ದಿನಕ್ಕೊಂದು ತಾಕನ್ನು ಜೀಪು ಬಿಟ್ಟು ಸುತ್ತಲಿ. ಮೇಷ್ಟರು ಮಕ್ಕಳ ಜೊತೆ ಹಕ್ಕಿ ಗುರುತಿಸಲು ಹೊರಡಲಿ. ಬ್ಯಾಂಕಿನವರು ಮಧ್ಯಾಹ್ನದ ಕಾಫಿಗೆ ದೂರದ ಹೋಟೆಲನ್ನೇ ಆರಿಸಿಕೊಳ್ಳಲಿ. ಮಳೆ ಬಂದರೆ ಕೊಡೆಯಿದೆ. ತಪ್ಪಿದರೆ ನಾಳೆಯಿದೆ.