ಸ್ಕರ್ಟಿನ ಅಳತೆಗೆ ಮಾಡಿದ ಸೈಕಲ್: ಆನಿ ಲಂಡನ್‌ಡೆರಿ ಕಥೆ

ಸೈಕಲ್ ಅಂಗಡಿಗೆ ಹೋದ್ರೆ ಅಂಗಡಿಯವರು ಮೊದಲು ಕೇಳೋದು ನಿಮ್ಮ ಎತ್ತರ ಅಲ್ಲ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಅಂತಲೂ ಅಲ್ಲ. ಲೇಡೀಸ್ ಸೈಕಲ್ ಬೇಕಾ, ಜೆಂಟ್ಸ್ ಸೈಕಲ್ ಬೇಕಾ ಅಂತ. ಸೀಟಿನಿಂದ ಹ್ಯಾಂಡಲ್‌ವರೆಗೆ ಅಡ್ಡ ಬಾರ್ ಇದ್ದರೆ ಜೆಂಟ್ಸ್, ಇಲ್ಲದಿದ್ದರೆ ಲೇಡೀಸ್. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದಾಗಲೂ ಹುಡುಗರಿಗೆ ಒಂದು ನಮೂನೆ, ಹುಡುಗಿಯರಿಗೆ ಇನ್ನೊಂದು.

ಈ ವ್ಯತ್ಯಾಸ ಎಲ್ಲಿಂದ ಬಂತು? ಹೆಣ್ಣಿನ ದೇಹದ ಅಳತೆಯಿಂದಲಾ, ಅಥವಾ ಬೇರೆ ಏನಾದರೂ ಕಾರಣದಿಂದಲಾ? ಈ ಪ್ರಶ್ನೆಗೆ ಉತ್ತರ ಹುಡುಕಲು ಒಬ್ಬ ಹೆಂಗಸಿನ ಜೀವನವನ್ನು ನೋಡಬೇಕು. ಆಕೆ ಎಂಜಿನಿಯರ್ ಅಲ್ಲ, ಕ್ರೀಡಾಪಟುವೂ ಅಲ್ಲ. ಮೂರು ಮಕ್ಕಳ ತಾಯಿ, ಒಳ್ಳೆ ಸೇಲ್ಸ್‌ವುಮನ್, ಜೊತೆಗೆ ಭಾರೀ ಬುರುಡೆ ಬಿಡುವವಳು. 1894ರಲ್ಲಿ ಸೈಕಲ್ ಹಿಡಿದು ಪ್ರಪಂಚ ಸುತ್ತಲು ಹೊರಟ ಆನಿ ಲಂಡನ್‌ಡೆರಿ.

ಬಾಸ್ಟನ್ನಿನ ಆನಿ

ಆಕೆಯ ನಿಜವಾದ ಹೆಸರು ಆನಿ ಕೋಹೆನ್. ಹುಟ್ಟಿದ್ದು 1870ರ ಆಸುಪಾಸಿನಲ್ಲಿ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಲಾಟ್ವಿಯಾದ ಒಂದು ಯಹೂದಿ ಕುಟುಂಬದಲ್ಲಿ. 1875ರಲ್ಲಿ ಕುಟುಂಬ ಅಮೆರಿಕದ ಬಾಸ್ಟನ್ನಿಗೆ ವಲಸೆ ಬಂತು. 1887ರಲ್ಲಿ ಎರಡೇ ತಿಂಗಳ ಅಂತರದಲ್ಲಿ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡರು. ಆನಿಗೆ ಆಗ ನಮ್ಮ ಪಿಯುಸಿ ಹುಡುಗಿಯರ ವಯಸ್ಸು. ಮನೆಯ ಚಿಕ್ಕ ಮಕ್ಕಳ ಜವಾಬ್ದಾರಿ ಆಕೆಯ ಮೇಲೂ ಒಡಹುಟ್ಟಿದ ಬೆನೆಟ್ ಮೇಲೂ ಬಿತ್ತು.

ಮರುವರ್ಷ ಮ್ಯಾಕ್ಸ್ ಕಾಪ್ಚೋವ್‌ಸ್ಕಿ ಜೊತೆ ಮದುವೆ. ಮ್ಯಾಕ್ಸ್ ಊರೆಲ್ಲ ತಿರುಗಿ ಸಾಮಾನು ಮಾರುತ್ತಿದ್ದ, ದೇವರು ಧರ್ಮ ಅಂತ ತುಂಬಾ ನಿಷ್ಠೆ ಇದ್ದವನು. ನಾಲ್ಕೇ ವರ್ಷದಲ್ಲಿ ಮೂರು ಮಕ್ಕಳಾದವು. ಸಂಸಾರ ತೂಗಿಸಲು ಆನಿ ಬಾಸ್ಟನ್ನಿನ ಪತ್ರಿಕೆಗಳಿಗೆ ಜಾಹೀರಾತು ಹಿಡಿದುಕೊಡುವ ಕೆಲಸಕ್ಕೆ ಸೇರಿದಳು. ಈ ಕೆಲಸ ನೆನಪಿಟ್ಟುಕೊಳ್ಳಿ. ಮುಂದೆ ಆಕೆಯ ಕೈಹಿಡಿದದ್ದು ಇದೇ.

ಅದು ಸೈಕಲ್ ಹುಚ್ಚಿನ ಕಾಲ. ಥಾಮಸ್ ಸ್ಟೀವನ್ಸ್ ಎಂಬಾತ 1884ರಿಂದ 1886ರ ನಡುವೆ, ಮುಂದೆ ದೊಡ್ಡ ಚಕ್ರ ಹಿಂದೆ ಪುಟ್ಟ ಚಕ್ರ ಇರುವ ಎತ್ತರದ ಸೈಕಲ್ಲಿನಲ್ಲಿ ಪ್ರಪಂಚ ಸುತ್ತಿ ಬಂದಿದ್ದ. ಹೆಂಗಸೊಬ್ಬಳು ಹದಿನೈದು ತಿಂಗಳಲ್ಲಿ ಸೈಕಲ್ ಮೇಲೆ ಪ್ರಪಂಚ ಸುತ್ತಿ, ದಾರಿಯಲ್ಲಿ 5,000 ಡಾಲರ್ ಸಂಪಾದನೆ ಮಾಡಿಕೊಂಡು ಬರೋದು ಸಾಧ್ಯವೇ ಇಲ್ಲ ಅಂತ ಬಾಸ್ಟನ್ನಿನ ಇಬ್ಬರು ಸಾಹುಕಾರರು ಪಂದ್ಯ ಕಟ್ಟಿದ್ದಾರೆ, ಅದನ್ನು ಸುಳ್ಳು ಮಾಡೋಕೆ ತಾನು ಹೊರಟಿದ್ದೇನೆ ಅಂತ ಆನಿ ಎಲ್ಲರಿಗೂ ಹೇಳಿಕೊಂಡಳು. ಆ ಸಾಹುಕಾರರು ಯಾರು ಅನ್ನೋದು ಯಾರಿಗೂ ಪತ್ತೆಯಾಗಲಿಲ್ಲ. ಬಹುಶಃ ಪಂದ್ಯವೇ ಆಕೆಯ ಸೃಷ್ಟಿ.

1894ರ ಜೂನ್ ಕೊನೆಯ ವಾರ ಬಾಸ್ಟನ್ನಿನ ಶಾಸನಸಭೆ ಕಟ್ಟಡದ ಮುಂದೆ ಸುಮಾರು 500 ಜನ ಸೇರಿದ್ದರು. ಲಂಡನ್‌ಡೆರಿ ಹೆಸರಿನ ನೀರಿನ ಕಂಪನಿಯೊಂದು 100 ಡಾಲರ್ ಕೊಟ್ಟು ಸೈಕಲ್ಲಿಗೆ ತನ್ನ ಬೋರ್ಡ್ ತಗುಲಿಸಿತು. ಆನಿ ಆ ಕಂಪನಿಯ ಹೆಸರನ್ನೇ ತನ್ನ ಹೆಸರು ಮಾಡಿಕೊಂಡಳು. ಇವತ್ತಿನ ಭಾಷೆಯಲ್ಲಿ ಟೈಟಲ್ ಸ್ಪಾನ್ಸರ್ ಅಂತೀವಲ್ಲ, ಹಾಗೆ. ಅಂದಹಾಗೆ, ಹೊರಡುವ ಕೆಲವೇ ದಿನಗಳ ಮೊದಲು ಎರಡು ಮೂರು ಪಾಠ ಹೇಳಿಸಿಕೊಂಡದ್ದು ಬಿಟ್ಟರೆ ಆಕೆ ಅಲ್ಲಿವರೆಗೆ ಸೈಕಲ್ ಹತ್ತಿದವಳೇ ಅಲ್ಲ.

19 ಕೆ.ಜಿ. ಕೊಲಂಬಿಯಾ

ಆಕೆಗೆ ಸಿಕ್ಕಿದ್ದು ಪೋಪ್ ಕಂಪನಿಯ ಕೊಲಂಬಿಯಾ, ಹೆಂಗಸರಿಗೆಂದೇ ಮಾಡಿದ ಸೈಕಲ್. ತೂಕ 42 ಪೌಂಡ್, ಅಂದರೆ 19 ಕೆ.ಜಿ. ಆಕೆಯ ತೂಕವೇ ನೂರು ಪೌಂಡಿನ ಆಸುಪಾಸು. ಹಾಕಿಕೊಂಡದ್ದು ಪಾದದವರೆಗೆ ಬರುವ ಸ್ಕರ್ಟ್, ಒಳಗೆ ಸೊಂಟ ಬಿಗಿಯುವ ಕಾರ್ಸೆಟ್.

ಇಲ್ಲಿ ಸ್ವಲ್ಪ ನಿಂತು ಆ ಫ್ರೇಮನ್ನು ನೋಡೋಣ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೇಫ್ಟಿ ಬೈಸಿಕಲ್ ತಂದ. ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನ್. ಕೆಲವೇ ವರ್ಷಗಳಲ್ಲಿ ಫ್ರೇಮ್ ಇವತ್ತು ನಾವು ನೋಡುವ ಡೈಮಂಡ್ ಆಕಾರಕ್ಕೆ ಬಂತು. ಟ್ರಸ್ ಪಾಠ ನೆನಪಿದೆ ತಾನೆ? ತ್ರಿಕೋನದಲ್ಲಿ ಭಾರ ಬಿದ್ದಾಗ ಪ್ರತಿ ಕೊಳವೆಯೂ ಹೆಚ್ಚಾಗಿ ಉದ್ದಕ್ಕೆ ಎಳೆತ ಇಲ್ಲವೇ ಒತ್ತಡ ತಗೊಳ್ಳುತ್ತೆ, ಬಾಗುವ ಕೆಲಸ ಕಡಿಮೆ. ಡೈಮಂಡ್ ಫ್ರೇಮಿನ ಹಿಂಭಾಗ ತ್ರಿಕೋನ, ಮುಂಭಾಗವೂ ಹೆಚ್ಚುಕಮ್ಮಿ ತ್ರಿಕೋನ. ಹಾಗಾಗಿ ಕಡಿಮೆ ಉಕ್ಕಿನಲ್ಲಿ ಜಾಸ್ತಿ ಗಟ್ಟಿತನ.

ಆದರೆ ನೆಲ ಮುಟ್ಟುವ ಸ್ಕರ್ಟ್ ಹಾಕಿಕೊಂಡು ಮೇಲಿನ ಬಾರ್ ದಾಟೋದು ಹೇಗೆ? ಅದಕ್ಕೆ ತಯಾರಕರು ಆ ಬಾರನ್ನೇ ತೆಗೆದು, ಕೆಳಗಿನ ಕೊಳವೆಯನ್ನು ಬಗ್ಗಿಸಿ ತಗ್ಗಿಸಿದರು. ಮುಂದಿನ ತ್ರಿಕೋನ ಮಾಯವಾಯಿತು. ಈಗ ಕೆಳಗಿನ ಕೊಳವೆ ಬಾಗುವ ಭಾರವನ್ನೂ ತಡೀಬೇಕು, ಪೆಡಲ್ ತುಳಿದಾಗ ಬರುವ ತಿರುಚುವಿಕೆಯನ್ನೂ ತಡೀಬೇಕು. ಅದಕ್ಕೆ ದಪ್ಪ ಕೊಳವೆ, ಇಲ್ಲವೇ ಜೋಡಿ ಕೊಳವೆ. ಸ್ಕರ್ಟ್ ಚೈನಿಗೆ ಸಿಗದಿರಲಿ ಅಂತ ಚೈನ್ ಕವರ್, ಹಿಂದಿನ ಚಕ್ರಕ್ಕೆ ಸಿಗದಿರಲಿ ಅಂತ ದಾರದ ಬಲೆ. ಒಂದೊಂದಕ್ಕೂ ತೂಕ. ದೇಹದ ಶಕ್ತಿ ಕಡಿಮೆ ಅಂತ ಯಾರನ್ನು ಸಮಾಜ ಹೇಳುತ್ತಿತ್ತೋ ಅವರ ಕೈಗೇ ಜಾಸ್ತಿ ಭಾರದ ಯಂತ್ರ ಕೊಟ್ಟ ಹಾಗಾಯ್ತು.

ಆನಿ ಈ ಸೈಕಲ್ಲಿನಲ್ಲಿ ಷಿಕಾಗೋ ಮುಟ್ಟುವಾಗ ಸೆಪ್ಟೆಂಬರ್ 24. ಸುಮಾರು ಮೂರು ತಿಂಗಳು ಕಳೆದಿತ್ತು. ಒಂಬತ್ತು ಕೆ.ಜಿ. ಇಳಿದುಹೋಗಿದ್ದಳು. ಮುಂದೆ ಚಳಿಗಾಲ, ಪಶ್ಚಿಮಕ್ಕೆ ಹೋದರೆ ಹಿಮದ ಬೆಟ್ಟಗಳು. ಪ್ರಯಾಣ ಕೈಬಿಡುವ ಯೋಚನೆಯೂ ಬಂದಿತ್ತು.

ಷಿಕಾಗೋದಲ್ಲಿ ಬದಲಾದದ್ದು

ಅಲ್ಲಿ ಆಕೆ ಎರಡು ಬದಲಾವಣೆ ಮಾಡಿಕೊಂಡಳು. ಒಂದು, ಕೊಲಂಬಿಯಾ ಬಿಟ್ಟು ಸ್ಟರ್ಲಿಂಗ್ ಕಂಪನಿಯ ಗಂಡಸರ ಸೈಕಲ್ ಹಿಡಿದಳು. ತೂಕ 21 ಪೌಂಡ್, ಅಂದರೆ 9.5 ಕೆ.ಜಿ. ಸರಿಯಾಗಿ ಅರ್ಧ. ಎರಡು, ಉದ್ದ ಸ್ಕರ್ಟ್ ಬಿಟ್ಟು ಬ್ಲೂಮರ್ಸ್ ಅನ್ನೋ ಸಡಿಲ ಚಡ್ಡಿ ಹಾಕಿಕೊಂಡಳು. ಆಮೇಲೆ ಗಂಡಸರ ಸವಾರಿ ಉಡುಪಿಗೇ ಬಂದಳು.

ಈ ಎರಡು ಬದಲಾವಣೆ ಬೇರೆ ಬೇರೆ ಅಲ್ಲ. ಸ್ಕರ್ಟ್ ಇರೋವರೆಗೆ ಮೇಲಿನ ಬಾರ್ ಇರುವ ಸೈಕಲ್ ಹತ್ತೋಕೆ ಆಗಲ್ಲ. ಉಡುಪು ಬದಲಾದ ಕೂಡಲೇ ಫ್ರೇಮಿನ ಮೇಲಿದ್ದ ಷರತ್ತೂ ಹೋಯ್ತು. ಸುಮ್ಮನೆ ಲೆಕ್ಕ ಹಾಕಿ: ಸವಾರಳು 45 ಕೆ.ಜಿ. ಅಂದುಕೊಂಡರೆ ಮೊದಲು ಒಟ್ಟು 64 ಕೆ.ಜಿ., ಆಮೇಲೆ 54.5 ಕೆ.ಜಿ. ಸಾಮಾನಿನ ತೂಕ ಬಿಟ್ಟರೆ, ಅದೇ ಏರನ್ನು ಹತ್ತೋಕೆ ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 15 ಶೇಕಡ ಕಡಿಮೆ. ದೇಹ ಅದೇ, ದಾರಿ ಅದೇ.

ಹಾಗಂತ ಸ್ಟರ್ಲಿಂಗ್ ಏನೂ ಸುಖದ ಸೈಕಲ್ ಅಲ್ಲ. ಒಂದೇ ಗೇರ್. ಬ್ರೇಕ್ ಇಲ್ಲ. ಫ್ರೀವೀಲ್ ಇಲ್ಲ, ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತೆ. ಇಳಿಜಾರಿನಲ್ಲಿ ನಿಲ್ಲಿಸಬೇಕು ಅಂದ್ರೆ ಪೆಡಲನ್ನು ಕಾಲಿನಿಂದಲೇ ಹಿಂದಕ್ಕೆ ತಡೀಬೇಕು.

ಅರ್ಧ ನಿಜ, ಅರ್ಧ ಬುರುಡೆ

ಚಳಿಗಾಲದ ಭಯಕ್ಕೆ ಆನಿ ದಿಕ್ಕು ಬದಲಿಸಿ ನ್ಯೂಯಾರ್ಕಿಗೆ ವಾಪಸ್ ಬಂದು, ನವೆಂಬರಿನಲ್ಲಿ ಫ್ರಾನ್ಸಿಗೆ ಹಡಗು ಹತ್ತಿದಳು. ಅಲ್ಲಿ ಕಸ್ಟಮ್ಸ್‌ನವರು ಸೈಕಲ್ ಹಿಡಿದಿಟ್ಟುಕೊಂಡರು, ದುಡ್ಡು ಕಳುವಾಯ್ತು. ಆದರೂ ಪ್ಯಾರಿಸ್ಸಿನಿಂದ ದಕ್ಷಿಣಕ್ಕೆ ಹೊರಟು 1895ರ ಜನವರಿಯಲ್ಲಿ ಮಾರ್ಸೇಲ್ ತಲುಪಿದಳು. ಗಾಯವಾದ ಒಂದು ಕಾಲಿಗೆ ಬ್ಯಾಂಡೇಜ್ ಸುತ್ತಿ ಹ್ಯಾಂಡಲ್ ಮೇಲೆ ಇಟ್ಟುಕೊಂಡು, ಇನ್ನೊಂದೇ ಕಾಲಲ್ಲಿ ತುಳಿಯುತ್ತಾ ಊರು ಹೊಕ್ಕ ಆಕೆಯನ್ನು ನೋಡಲು ಜನ ಬೀದಿಗೆ ಬಂದಿದ್ದರು.

ಅಲ್ಲಿಂದ ಮುಂದೆ ಬಹುಪಾಲು ಹಡಗಿನಲ್ಲೇ. ಏಡನ್, ಕೊಲಂಬೊ, ಸಿಂಗಾಪುರ, ಸೈಗಾನ್, ಹಾಂಗ್‌ಕಾಂಗ್, ಶಾಂಘೈ, ಜಪಾನ್. ಬಂದರಿನಲ್ಲಿ ಇಳಿದು ಒಂದಷ್ಟು ಸುತ್ತಾಡಿ ಮತ್ತೆ ಹಡಗು. ಭಾರತದಲ್ಲಿ ಜರ್ಮನ್ ರಾಜಮನೆತನದವರ ಜೊತೆ ಹುಲಿ ಬೇಟೆಗೆ ಹೋಗಿದ್ದೆ, ಚೀನಾ-ಜಪಾನ್ ಯುದ್ಧದಲ್ಲಿ ಗುಂಡೇಟು ತಿಂದೆ, ಜೈಲಿಗೂ ಹೋದೆ ಅಂತೆಲ್ಲ ಆಕೆ ಆಮೇಲೆ ಭಾಷಣಗಳಲ್ಲಿ ಹೇಳಿದಳು. ಹಡಗಿನ ದಿನಾಂಕಗಳನ್ನು ನೋಡಿದರೆ ಅಷ್ಟಕ್ಕೆಲ್ಲ ಸಮಯವೇ ಇರಲಿಲ್ಲ. ಸೈಕಲ್ ಮೇಲೆ ಪ್ರಪಂಚ ಸುತ್ತಿದಳೋ, ಸೈಕಲ್ ಜೊತೆ ಸುತ್ತಿದಳೋ ಅಂತ ಆಗಲೇ ಕೆಲವರು ಗೇಲಿ ಮಾಡಿದ್ದರು. ಅದರಲ್ಲಿ ಹುರುಳಿದೆ.

ಆದರೆ ಅಮೆರಿಕದ ಪಶ್ಚಿಮ ಭಾಗದ ಸವಾರಿ ಬುರುಡೆ ಅಲ್ಲ. 1895ರ ಮಾರ್ಚ್ 23ಕ್ಕೆ ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ಇಳಿದು, ಲಾಸ್ ಏಂಜಲೀಸ್, ಅರಿಜೋನಾ, ನ್ಯೂ ಮೆಕ್ಸಿಕೊ, ಎಲ್ ಪಾಸೊ, ಡೆನ್ವರ್ ದಾರಿಯಲ್ಲಿ ಬಂದಳು. ಕ್ಯಾಲಿಫೋರ್ನಿಯಾದಲ್ಲಿ ಬೆದರಿ ಓಡಿದ ಕುದುರೆಗಾಡಿ ಆಕೆಯನ್ನು ಸಾಯಿಸುವುದರಲ್ಲಿತ್ತು. ನೆಬ್ರಾಸ್ಕಾದ ಹೆಚ್ಚಿನ ಭಾಗ ರೈಲಿನಲ್ಲಿ ದಾಟಿದಳು. ಅಯೋವಾದಲ್ಲಿ ಹಂದಿಗಳ ಹಿಂಡಿಗೆ ಗುದ್ದಿ ಮಣಿಕಟ್ಟು ಮುರಿದುಕೊಂಡಳು. ಕೈಗೆ ಪಟ್ಟಿ ಕಟ್ಟಿಕೊಂಡೇ ಸೆಪ್ಟೆಂಬರ್ 12ಕ್ಕೆ ಷಿಕಾಗೋ ಮುಟ್ಟಿದಳು. ಹದಿನೈದು ತಿಂಗಳ ಗಡುವು ಇನ್ನೂ ಮುಗಿದಿರಲಿಲ್ಲ. ಇಷ್ಟು ದಾರಿ ಸವೆಸಿದ್ದು ಗಂಡಸರದ್ದು ಅಂತ ಮಾರುವ ಸೈಕಲ್ಲಿನಲ್ಲಿ.

ಹಾಗಾದ್ರೆ ಬೇರೆ ಡಿಸೈನ್ ಬೇಡವೇ ಬೇಡವಾ?

ಆನಿ ಕಥೆ ಕೇಳಿ, ಹೆಂಗಸರಿಗೆ ಬೇರೆ ಸೈಕಲ್ ಬೇಕಾಗಿಯೇ ಇಲ್ಲ ಅಂತ ತೀರ್ಮಾನ ಮಾಡೋದು ಅವಸರ. ಆಕೆಗೆ ಸ್ಟರ್ಲಿಂಗ್ ಹಗುರವಾಗಿತ್ತು ನಿಜ, ಆದರೆ ಅದನ್ನೂ ಯಾರೂ ಆಕೆಯ ಅಳತೆ ತಗೊಂಡು ಮಾಡಿರಲಿಲ್ಲ.

ನಾವು ಕೂತಾಗ ಭಾರ ಹೊರೋದು ಕೆಳಸೊಂಟದ ಎರಡು ಮೂಳೆಗಳು. ಅವುಗಳ ನಡುವಿನ ಅಂತರ ಸರಾಸರಿ ನೋಡಿದರೆ ಹೆಂಗಸರಲ್ಲಿ ಜಾಸ್ತಿ. ಕಿರಿದಾದ ಸೀಟಿನಲ್ಲಿ ಆ ಮೂಳೆಗಳಿಗೆ ಆಸರೆ ಸಿಗದೆ ಭಾರವೆಲ್ಲ ಮೃದು ಭಾಗಗಳ ಮೇಲೆ ಬೀಳುತ್ತೆ, ನೋವು ಅಲ್ಲಿಂದ ಶುರು. ಸೀಟಿನ ವಿಷಯದಲ್ಲಿ ವ್ಯತ್ಯಾಸ ಗಟ್ಟಿ. ಎರಡನೆಯದು ಎತ್ತರ. ಫ್ರೇಮ್ ಚಿಕ್ಕದು ಮಾಡಿ ಚಕ್ರ ಮಾತ್ರ ದೊಡ್ಡದೇ ಇಟ್ಟರೆ, ತಿರುವಿನಲ್ಲಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ ಜಾರ್ಜಿನಾ ಟೆರಿ 1985ರಲ್ಲಿ ಕಂಪನಿ ಶುರುಮಾಡಿ, ಚಿಕ್ಕ ಫ್ರೇಮುಗಳಿಗೆ ಮುಂದಿನ ಚಕ್ರವನ್ನು ಚಿಕ್ಕದು ಮಾಡಿ ಈ ತೊಂದರೆಗೆ ಪರಿಹಾರ ಕೊಟ್ಟರು. ಚಿಕ್ಕ ಕೈಗೆ ಎಟುಕುವ ಬ್ರೇಕ್ ಲಿವರ್, ಭುಜದ ಅಗಲಕ್ಕೆ ತಕ್ಕ ಹ್ಯಾಂಡಲ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಆದರೆ ಗಮನಿಸಿ, ಇವೆಲ್ಲ ಅಳತೆಗಳು. ಐದಡಿ ಎತ್ತರದ ಹುಡುಗನಿಗೂ ಕಾಲ್ಬೆರಳು ಚಕ್ರಕ್ಕೆ ತಾಗುತ್ತೆ. ಐದಡಿ ಹತ್ತಿಂಚಿನ ಹುಡುಗಿಗೆ ಚಿಕ್ಕ ಫ್ರೇಮ್ ಕೊಟ್ಟರೆ ಬೆನ್ನು ನೋವು. ಸರಾಸರಿಯಲ್ಲಿ ವ್ಯತ್ಯಾಸ ಇದ್ದರೂ ಎರಡು ಗುಂಪುಗಳ ಅಳತೆ ಒಂದರ ಮೇಲೊಂದು ಸಾಕಷ್ಟು ಹರಡಿಕೊಂಡಿರುತ್ತೆ. ಈಚಿನ ವರ್ಷಗಳಲ್ಲಿ ಕೆಲವು ದೊಡ್ಡ ಕಂಪನಿಗಳು ಹೆಂಗಸರ ಪ್ರತ್ಯೇಕ ಫ್ರೇಮ್ ಬಿಟ್ಟು, ಎಲ್ಲರಿಗೂ ಒಂದೇ ಫ್ರೇಮನ್ನು ಹೆಚ್ಚು ಸೈಜುಗಳಲ್ಲಿ ಕೊಟ್ಟು, ಸೀಟು ಹ್ಯಾಂಡಲ್ ಮಾತ್ರ ಬದಲಿಸುತ್ತಿರೋದು ಇದಕ್ಕೇ.

ಮೇಲಿನ ಬಾರ್ ಇಲ್ಲದ ಫ್ರೇಮ್ ಕೆಟ್ಟದ್ದೂ ಅಲ್ಲ. ಸೀರೆ ಉಟ್ಟವರಿಗೆ, ಪಂಚೆ ಉಟ್ಟವರಿಗೆ, ಮಂಡಿ ನೋವಿನ ಅಜ್ಜನಿಗೆ, ಕ್ಯಾರಿಯರ್ ಮೇಲೆ ಮೂಟೆ ಇಟ್ಟುಕೊಂಡು ಮನೆಮನೆಗೆ ಇಳಿದು ಹತ್ತುವವರಿಗೆ ಅದೇ ಸರಿ. ಅದು ಒಂದು ಬಗೆಯ ಬಳಕೆಗೆ ಹೊಂದುವ ಫ್ರೇಮ್. ಅದಕ್ಕೆ ಲೇಡೀಸ್ ಅಂತ ಹೆಸರಿಟ್ಟಿದ್ದರಿಂದ ಎರಡು ನಷ್ಟ ಆಯ್ತು: ಬೇಕಾದ ಗಂಡಸರು ಅದನ್ನು ಮುಟ್ಟಲ್ಲ, ಬೇಡದ ಹೆಂಗಸರ ತಲೆಗೆ ಅದನ್ನೇ ಕಟ್ಟುತ್ತಾರೆ.

ಆಮೇಲಿನ ಆನಿ

ಪ್ರಯಾಣದ ನಂತರ ಆನಿ ಸಂಸಾರ ಕಟ್ಟಿಕೊಂಡು ನ್ಯೂಯಾರ್ಕಿಗೆ ಹೋದಳು. ಅಲ್ಲಿನ ವರ್ಲ್ಡ್ ಪತ್ರಿಕೆ 1895ರ ಅಕ್ಟೋಬರಿನಲ್ಲಿ ಆಕೆಯ ಪ್ರಯಾಣದ ಕಥೆಯನ್ನು ಆಕೆಯ ಬರಹದಲ್ಲೇ ದೊಡ್ಡದಾಗಿ ಹಾಕಿತು. ಕೆಲಕಾಲ ಆ ಪತ್ರಿಕೆಗೆ ಬರೆದಳು. 1897ರಲ್ಲಿ ನಾಲ್ಕನೇ ಮಗು. ಮುಂದೆ ಬಟ್ಟೆ ವ್ಯಾಪಾರ, ಅದು ಬೆಂಕಿಗೆ ಹೋದಮೇಲೆ ಇನ್ನೊಂದು ವ್ಯಾಪಾರ. ಮೂರು ಪುಟ್ಟ ಮಕ್ಕಳನ್ನು ಬಿಟ್ಟು ಹೋಗಿದ್ದು ಸರಿಯಾ ಅನ್ನೋ ಪ್ರಶ್ನೆ ಆಕೆಯ ಬೆನ್ನು ಬಿಡಲಿಲ್ಲ. ಸ್ಟೀವನ್ಸ್‌ಗೆ ಅಂಥ ಪ್ರಶ್ನೆ ಕೇಳುವವರು ಇರಲಿಲ್ಲ. 1947ರ ನವೆಂಬರ್ 11ರಂದು ಆನಿ ತೀರಿಕೊಂಡಾಗ ಆಕೆಯ ಹೆಸರು ಹೆಚ್ಚುಕಮ್ಮಿ ಮರೆತೇ ಹೋಗಿತ್ತು. 2007ರಲ್ಲಿ ಆಕೆಯ ವಂಶದವರೇ ಆದ ಪೀಟರ್ ಜೂಟ್ಲಿನ್ ಹಳೆ ಪತ್ರಿಕೆಗಳನ್ನೆಲ್ಲ ಜಾಲಾಡಿ ಪುಸ್ತಕ ಬರೆದ ಮೇಲೆ ಮತ್ತೆ ಬೆಳಕಿಗೆ ಬಂದಳು.

ಮುಂದಿನ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ಯೂಸರ್ ಅಂತ ಒಂದು ಡಬ್ಬಿ ಹಾಕಿ, ಒಳಗೆ ಮಹಿಳೆಯರು, ವೃದ್ಧರು, ರೈತರು ಅಂತ ಒಂದೇ ಪದ ತುಂಬಿಸಿ ಮುಂದೆ ಹೋಗೋದು ಸುಲಭ. ಕೊಲಂಬಿಯಾ ಸೈಕಲ್ ಮಾಡಿದವರು ಕೈಗಾರಿಕೆಯಲ್ಲಿ ಪಳಗಿದವರೇ. ಅವರ ಮುಂದಿದ್ದ ಡಬ್ಬಿಯಲ್ಲಿ ಹೆಂಗಸರು ಅಂತ ಬರೆದಿತ್ತು, ಅವರು ಅಳೆದದ್ದು ಮಾತ್ರ ಸ್ಕರ್ಟನ್ನು. ಆ ಹೆಚ್ಚುವರಿ ಒಂಬತ್ತೂವರೆ ಕೆ.ಜಿ.ಯನ್ನು ಬಾಸ್ಟನ್ನಿನಿಂದ ಷಿಕಾಗೋವರೆಗೆ ತುಳಿದವಳು ಆನಿ.