ಖಳನಾಯಕನ ಕಣ್ಣೀರು ಕಂಡ ಕವಿ ರನ್ನ

ಸೂಪರ್‌ಹೀರೋ ಕಾಮಿಕ್ಸ್ ಓದುವ ಗೆಳೆಯರಿಗೆ ಮಿಸ್ಟರ್ ಫ್ರೀಜ್ ಗೊತ್ತಿರಬಹುದು. 1959ರಲ್ಲಿ ಬ್ಯಾಟ್‌ಮನ್ ಕಾಮಿಕ್ಸ್‌ಗೆ ಬಂದಾಗ ಅವನ ಹೆಸರು ಮಿಸ್ಟರ್ ಝೀರೋ. ಹಿಮದ ಬಂದೂಕು ಹಿಡಿದ ಒಬ್ಬ ಕಳ್ಳ, ಅಷ್ಟೇ. ಬಹಳ ವರ್ಷ ಅವನು ಎರಡನೇ ಸಾಲಿನ ವಿಲನ್ ಆಗಿಯೇ ಉಳಿದ. 1992ರಲ್ಲಿ ಬ್ಯಾಟ್‌ಮನ್ ಕಾರ್ಟೂನ್ ಸರಣಿಗೆ ಬರೆಯುತ್ತಿದ್ದ ಪಾಲ್ ಡೀನಿ ಅವನನ್ನು ಮತ್ತೆ ಕರೆತಂದು, ಕಾಯಿಲೆ ಬಿದ್ದ ಹೆಂಡತಿಯನ್ನು ಉಳಿಸಿಕೊಳ್ಳಲು ಒದ್ದಾಡುವ ವಿಜ್ಞಾನಿಯನ್ನಾಗಿ ಮಾಡಿದರು. ವಿಲನ್ ವಿಲನ್ನೇ ಆಗಿ ಉಳಿದ. ಆದರೆ ನೋಡಿದವರಿಗೆ ಅವನ ಸಂಕಟ ತಿಳಿಯಿತು. ಆಮೇಲೆ ಕಾಮಿಕ್ಸ್‌ನವರೂ ಇದೇ ಕಥೆಯನ್ನು ಒಪ್ಪಿಕೊಂಡರು.

ಈ ಕೆಲಸವನ್ನು ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಮಾಡಿದವನು ರನ್ನ. ಪ್ರಥಮ ಪಿಯುಸಿ ಪಠ್ಯದ ದುರ್ಯೋಧನ ವಿಲಾಪದಿಂದ ಅವನ ಹೆಸರು ನಮಗೆಲ್ಲ ಗೊತ್ತು. ಅವನ ಬದುಕು ಅಷ್ಟಾಗಿ ಗೊತ್ತಿಲ್ಲ.

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನಲ್ಲಿ. ಅದೇ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮನೆತನದ ಕಸುಬು ಬಳೆ ವ್ಯಾಪಾರ. ಮುಂದೆ ದೊಡ್ಡ ಕವಿಯಾದ ಮೇಲೂ ಅವನು ಇದನ್ನು ಮುಚ್ಚಿಡಲಿಲ್ಲ. ತನ್ನ ಕುಲವನ್ನೂ ತಂದೆತಾಯಿಯರನ್ನೂ ಕಾವ್ಯದಲ್ಲೇ ಹೇಳಿಕೊಂಡ. ಓದುವ ಆಸೆಯಿಂದ ಊರು ಬಿಟ್ಟು ದಕ್ಷಿಣದ ಗಂಗರ ನಾಡಿಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಅವನಿಗೆ ಗುರುಗಳಾದರು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಮೂರ್ತಿಯನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯ ಆಶ್ರಯ ಕೊಟ್ಟ. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಬರಹ ಈಗಲೂ ಇದೆ. ಅದು ರನ್ನನದೇ ಎಂದು ವಿದ್ವಾಂಸರು ಹೇಳುತ್ತಾರೆ.

973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯ ತೈಲಪ ಪಟ್ಟಕ್ಕೆ ಬಂದಿದ್ದ. ರನ್ನ ಉತ್ತರಕ್ಕೆ ಮರಳಿ ಅವನ ಆಸ್ಥಾನ ಸೇರಿ ಕವಿಚಕ್ರವರ್ತಿ ಎಂಬ ಬಿರುದು ಪಡೆದ. ದಾನಚಿಂತಾಮಣಿ ಎನಿಸಿದ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ. ಉಪಕಾರ ಮರೆಯುವ ಮನುಷ್ಯ ಅವನಲ್ಲ. ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ.

ಅವನಿಗೆ ಹೆಚ್ಚು ಹೆಸರು ತಂದದ್ದು ಗದಾಯುದ್ಧ. ಇದಕ್ಕೆ ಸಾಹಸಭೀಮ ವಿಜಯ ಎಂದೂ ಹೆಸರು. ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಇದು. ಸತ್ಯಾಶ್ರಯ ಸಾಮಾನ್ಯ ದೊರೆಯಲ್ಲ, ಚೋಳರ ದೊಡ್ಡ ಸೈನ್ಯವನ್ನು ಎದುರಿಸಿದವನು. ಕೃಷ್ಣಾ ತುಂಗಭದ್ರಾ ನಡುವಿನ ನಮ್ಮ ಈ ಎಡೆದೊರೆ ನಾಡಿಗಾಗಿ ಚಾಲುಕ್ಯರೂ ಚೋಳರೂ ಕಾದಾಡಿದ ಕಾಲ ಅದು. ನಮ್ಮ ಕುರ್ಡಿ, ಮಾನ್ವಿ, ರಾಯಚೂರು ಎಲ್ಲವೂ ಈ ನಾಡಿನೊಳಗೇ ಬರುತ್ತವೆ. ಇಂಥ ದೊರೆಯ ಕವಿ ಭೀಮನನ್ನು ಹೊಗಳಬೇಕಾದದ್ದು ಸಹಜ. ರನ್ನ ಹೊಗಳಿದ ಕೂಡ. ಕೊನೆಗೆ ಪಟ್ಟ ಕಟ್ಟಿದ್ದೂ ಭೀಮನಿಗೇ.

ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಪಂಪ ತನ್ನ ಭಾರತದ ಹದಿಮೂರನೇ ಆಶ್ವಾಸದಲ್ಲಿ ಹೇಳಿದ್ದ ಕಥೆಯನ್ನು ರನ್ನ ಹತ್ತು ಆಶ್ವಾಸಗಳಿಗೆ ಬೆಳೆಸಿದ. ಯುದ್ಧದ ಕೊನೆಯ ದಿನವನ್ನು ಮಾತ್ರ ಹಿಡಿದು, ಹಿಂದಿನದನ್ನೆಲ್ಲ ಪಾತ್ರಗಳ ನೆನಪಿನಲ್ಲಿ, ಮಾತಿನಲ್ಲಿ ತಂದ. ಅಷ್ಟು ಜಾಗ ಸಿಕ್ಕಿದ್ದರಿಂದ ಸೋತವನ ಮನಸ್ಸಿನ ಒಳಗೆ ಹೋಗಲು ಅವನಿಗೆ ಸಾಧ್ಯವಾಯಿತು. ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಇವರೆಲ್ಲ ಅವನ ಕಡೆಯವರು. ಆದರೆ ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ಅವನು ನಿಲ್ಲುತ್ತಾನೆ, ಆ ಹುಡುಗನ ಶೌರ್ಯವನ್ನು ಮನಸಾರೆ ಮೆಚ್ಚಿಕೊಳ್ಳುತ್ತಾನೆ. ದ್ರೌಪದಿಯನ್ನು ತುಂಬಿದ ಸಭೆಗೆ ಎಳೆಸಿದವನೂ ಇವನೇ ಎಂಬುದು ಆ ಹೊತ್ತಿನಲ್ಲಿ ನಂಬಲು ಕಷ್ಟ.

ಹಾಗೆಂದು ರನ್ನ ಅವನ ತಪ್ಪನ್ನು ಮನ್ನಿಸಲಿಲ್ಲ. ಶರಶಯ್ಯೆಯ ಮೇಲಿದ್ದ ಭೀಷ್ಮ ಆಗಲೂ ಸಂಧಿ ಮಾಡಿಕೊ ಎನ್ನುತ್ತಾನೆ, ದುರ್ಯೋಧನ ಒಪ್ಪುವುದಿಲ್ಲ. ಸತ್ತವರನ್ನೆಲ್ಲ ಕಳೆದುಕೊಂಡು ತಾನೊಬ್ಬ ಬದುಕಿ ಆಳುವುದು ಅವನಿಗೆ ಬೇಡವಾಗಿದೆ. ಛಲ ಅವನ ದೊಡ್ಡ ಗುಣ, ಅವನನ್ನು ಕೊಂದದ್ದೂ ಅದೇ. ಕೊಳದಲ್ಲಿ ಅಡಗಿದವನು ಭೀಮನ ಕೂಗಿಗೆ ಸುಮ್ಮನಿರಲಾರದೆ ಮೇಲೆದ್ದು ಬರುತ್ತಾನೆ, ಗದೆಯ ಏಟಿಗೆ ತೊಡೆ ಮುರಿದು ಬೀಳುತ್ತಾನೆ. ಒಬ್ಬನ ದುಃಖವನ್ನು ಅರಿಯುವುದು ಬೇರೆ, ಅವನು ಮಾಡಿದ್ದೆಲ್ಲ ಸರಿ ಎನ್ನುವುದು ಬೇರೆ. ಈ ಎರಡನ್ನೂ ರನ್ನ ಕಲಸಲಿಲ್ಲ.

ರನ್ನ ಬರೆದ ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಕಾವ್ಯಗಳು ನಮಗೆ ಸಿಕ್ಕಿಲ್ಲ. ಸಿಕ್ಕಿರುವ ಗದಾಯುದ್ಧ ಮಾತ್ರ ಮತ್ತೆ ಮತ್ತೆ ಜೀವ ಪಡೆಯುತ್ತಿದೆ. ಕಳೆದ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ನಾಟಕವಾಗಿ ರೂಪಿಸಿದರು. ಪಂಪ, ಪೊನ್ನರ ಜೊತೆ ಬಳೆಗಾರರ ಮನೆಯ ಈ ಹುಡುಗನನ್ನೂ ಸೇರಿಸಿ ಕನ್ನಡಿಗರು ರತ್ನತ್ರಯರು ಎಂದು ಕರೆದರು.

ಗೆಳೆಯರೇ, ಪರೀಕ್ಷೆಗೆ ದುರ್ಯೋಧನನ ಶೋಕವನ್ನು ವಿವರಿಸಿ ಎಂಬ ಪ್ರಶ್ನೆಗೆ ನಾವೆಲ್ಲ ಉತ್ತರ ಬಾಯಿಪಾಠ ಮಾಡುತ್ತೇವೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಗೆದ್ದ ದೊರೆಯ ಅನ್ನ ಉಣ್ಣುತ್ತಿದ್ದ ಕವಿಗೆ ಸೋತವನ ಅಳು ಕೇಳಿಸಿತು. ಹಾಗಾದರೆ ತರಗತಿಯಲ್ಲಿ, ಓಣಿಯಲ್ಲಿ ನಾವು ಕೆಟ್ಟವನು ಎಂದು ದೂರ ಇಟ್ಟವನ ಮಾತನ್ನು ಒಂದು ಸಲವಾದರೂ ಪೂರ್ತಿ ಕೇಳಿದ್ದೇವೆಯೇ?